ಕ್ಲೌಡ್ ಸೇರಿದ ಕೊನೆಯ ಸಾಲು

ಆಫೀಸಿನ ಹೋಸ್ಟ್‌ಗಳನ್ನು, ಅಂದರೆ ಸರ್ವರ್ ಯಂತ್ರಗಳನ್ನು, ಮಕ್ಕಳಂತೆ ಸಾಕಿದವಳು ಎಲ್ಲರೂ ಅಕ್ಕ ಎನ್ನುವ ಹಿರಿಯ ಇಂಜಿನಿಯರ್. ಆದರೆ ಅವುಗಳಲ್ಲಿ ಯಾರು ಏನು ಮಾಡಿದರೆಂದು ಸಾಲುಸಾಲಾಗಿ ದಾಖಲಿಸುವ ಲಾಗುಗಳನ್ನು ಕ್ಲೌಡಿನ ಭದ್ರತಾ ಕಾವಲಿಗೆ ಕಳಿಸುವ ಕೆಲಸವನ್ನು ಮ್ಯಾನೇಜರು ಮೊನ್ನೆ ಸೇರಿದ ಹುಡುಗಿಗೆ ಕೊಟ್ಟರು. ಅವಳು ಚಕಚಕನೆ ಮುಗಿಸಿಯೂ ಬಿಟ್ಟಳು.

“ನೋಡಿ ಕಲೀರಿ,” ಎಂದರು ಮ್ಯಾನೇಜರು, ಎಲ್ಲರಿಗೂ ಕೇಳುವಂತೆ.

ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಎಲ್ಲರೂ ಊಟಕ್ಕೆ ಹೋದಾಗ ಹೋಸ್ಟಿಗೆ ಲಾಗಿನ್ ಆಗಿ, ಲಾಗುಗಳು ಹೊರಹೋಗುವ ದಾರಿಯಾದ ಪೋರ್ಟನ್ನು ಮುಚ್ಚಿದಳು. ಸಂಜೆಯ ಸಭೆಯಲ್ಲಿ ಲಾಗುಗಳು ನಿಂತಿದ್ದು ಕಂಡರೆ ಹುಡುಗಿಯ ಮೆರೆದಾಟ ಮುಗಿದಂತೆ.

ಸಭೆಯ ಪರದೆಯಲ್ಲಿ ನೋಡಿದರೆ ನಿಂತಿದ್ದವು, ನಿಜ. ಆದರೆ ದಾರಿ ಮುಚ್ಚುವ ಮುನ್ನ ಕೊನೆಯ ಸಾಲೊಂದು ಹೊರಗೆ ಓಡಿತ್ತು: ಪೋರ್ಟ್ ಮುಚ್ಚುವ ಆಜ್ಞೆ, ಪಕ್ಕದಲ್ಲಿ ಅಕ್ಕನದೇ ಹೆಸರು. ಕೆಲಸ ಹೋಯಿತು ಎಂದುಕೊಂಡಳು ಅಕ್ಕ.

“ಏನ್ರೀ ಇದು?” ಮ್ಯಾನೇಜರು ಅಕ್ಕನತ್ತ ಹುಬ್ಬೇರಿಸಿದರು.

“ನಾನೇ ಹೇಳಿದ್ದು ಸಾರ್,” ಎಂದಳು ಹುಡುಗಿ ಥಟ್ಟನೆ. “ಯಾರಾದ್ರೂ ಮುಚ್ಚಿದ್ರೆ ಗೊತ್ತಾಗುತ್ತಾ ಅಂತ ಪರೀಕ್ಷೆ ಮಾಡಬೇಕಿತ್ತು. ಪಾಪ, ಅಕ್ಕ ಊಟ ಬಿಟ್ಟು ಮಾಡಿಕೊಟ್ರು.”

“ಭೇಷ್!” ಎಂದರು ಮ್ಯಾನೇಜರು, ಹುಡುಗಿಯ ಕಡೆಗೇ ನೋಡಿ.

ಹೊರಗೆ ಬಂದಾಗ ಹುಡುಗಿ ಮೆಲ್ಲಗೆ ಹೇಳಿದಳು, “ಪೋರ್ಟ್ ತೆಗೆದುಬಿಡಿ ಅಕ್ಕಾ.”

ಅಕ್ಕ ತೆಗೆದಳು. ಕೆಲಸ ಉಳಿಯಿತು, ಹೊಟ್ಟೆಯುರಿ ಮಾತ್ರ ಆರಲಿಲ್ಲ. ಇಷ್ಟು ದೊಡ್ಡ ಮನಸ್ಸೂ ಇವಳಿಗೇ ಇರಬೇಕೇ?