ಇಪ್ಪತ್ನಾಲ್ಕು ಮಾರು ಗಿಟಾರ್

ಕನ್ನಡಕದಂಗಡಿಯವರು ಅವಳ ಮೂಗಿನ ಮೇಲೆ ಭಾರದ ಚೌಕಟ್ಟೊಂದನ್ನು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಎದುರು ಗೋಡೆಯ ಅಕ್ಷರಗಳು ನೀರಿನಡಿಯ ಮೀನುಗಳಂತೆ ಹತ್ತಿರ ಬಂದು, ಯಾರೋ ಕರೆದ ಹಾಗೆ ಹಿಂದಕ್ಕೆ ಸರಿಯುತ್ತಿದ್ದವು. ಅವಳಿಗೆ ಅದೇ ಹಿತವಾಗಿತ್ತು.

"ನೀವು ಏನು ಕೆಲಸ ಮಾಡ್ತೀರಿ? ಓದೋದಾ, ಹೊಲಿಯೋದಾ? ವಸ್ತು ಎಷ್ಟು ದೂರ ಹಿಡ್ಕೋತೀರಿ ಅಂತ ಗೊತ್ತಾದ್ರೆ ನಂಬರ್ ಸರಿಯಾಗಿ ಕೂರುತ್ತೆ."

"ಈಗ ಏನೂ ಇಲ್ಲ. ಮೊದಲು ರೇಡಿಯೋದಲ್ಲಿ ಟೇಪ್ ಕತ್ತರಿಸ್ತಿದ್ದೆ. ಮೂವತ್ತಾರು ವರ್ಷ."

ಗಾಜು ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಹಾಡಿನ ಟೇಪಾ?"

"ಹಾಡು, ಭಾಷಣ, ಎಲ್ಲ. ಹೆಚ್ಚಾಗಿ ಹಾಡು."

"ಹಾಗಾದ್ರೆ ನನ್ನನ್ನ ಕತ್ತರಿಸಿದ್ದು ನೀವೇ."

ಒಂದು ಕಣ್ಣಿಗೆ ಕಪ್ಪು ಬಿಲ್ಲೆ, ಇನ್ನೊಂದಕ್ಕೆ ಹೊಂದದ ಗಾಜು. ಹಾಗಾಗಿ ಅವರು ನಗುತ್ತಿದ್ದಾರೋ ಸಿಟ್ಟಾಗಿದ್ದಾರೋ ಅವಳಿಗೆ ಕಾಣಲಿಲ್ಲ. ಆದರೆ ಧ್ವನಿ ಕೇಳಿಸಿತ್ತು, ಮುಖಕ್ಕಿಂತ ಧ್ವನಿಯನ್ನು ಓದುವುದೇ ಅವಳಿಗೆ ಹೆಚ್ಚು ರೂಢಿ. ಅದರಲ್ಲಿ ಸಿಟ್ಟು ಇರಲಿಲ್ಲ. ಬಹಳ ವರ್ಷ ಹುಡುಕಿದ ಮನೆಯ ಬಾಗಿಲು ತಟ್ಟಿದವರ ಧ್ವನಿ ಅದು.

ರೇಡಿಯೋದಲ್ಲಿ ಅವಳನ್ನು ಎಲ್ಲರೂ ಬ್ಲೇಡಕ್ಕ ಎನ್ನುತ್ತಿದ್ದರು. ಮಾತಿನಲ್ಲಿ ಬ್ಲೇಡ್ ಹಾಕಿ ತಲೆ ತಿಂದವಳಲ್ಲ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕೈಯಲ್ಲಿ ಸದಾ ಕ್ಷೌರದ ಬ್ಲೇಡು ಇರುತ್ತಿದ್ದುದರಿಂದ ಬಂದ ಹೆಸರು. ಗಂಟೆಗೆ ಸರಿಯಾಗಿ ವಾರ್ತೆ ಶುರುವಾಗಬೇಕು, ಅದಕ್ಕೆ ಮುಂಚಿನ ಹಾಡು ಮೂರು ನಿಮಿಷಕ್ಕೆ ಮುಗಿಯಬೇಕು. ರಾಕ್ ತಂಡಗಳ ಹಾಡುಗಳೋ ಮೂರಕ್ಕೆ ಮುಗಿಯುವ ಜಾತಿಯವಲ್ಲ. ಹಾಡುವವನ ಸಾಲು ಕತ್ತರಿಸಿದರೆ ಅರ್ಥ ಕೆಡುತ್ತದೆ. ಹಾಗಾಗಿ ಬ್ಲೇಡು ಯಾವಾಗಲೂ ಬೀಳುತ್ತಿದ್ದುದು ಒಂದೇ ಕಡೆ, ಹಾಡುವವನು ಬಾಯಿ ಮುಚ್ಚಿ ಗಿಟಾರ್ ಒಂದೇ ಮಾತಾಡುವ ಜಾಗದಲ್ಲಿ. ಅದನ್ನು ಸೋಲೋ ಎನ್ನುತ್ತಿದ್ದರು.

ಯಂತ್ರದಲ್ಲಿ ಟೇಪು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಗೇಣು ಓಡುತ್ತಿತ್ತು. ಆದ್ದರಿಂದ ಅವಳು ಸೋಲೋಗಳನ್ನು ನಿಮಿಷದಲ್ಲಲ್ಲ, ಮಾರಿನಲ್ಲಿ ಅಳೆಯುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವು ಒಂದೂವರೆ ಮಾರು ಇರುತ್ತಿದ್ದವು, ಹಾಡುವವನು ಉಸಿರು ತೆಗೆದುಕೊಳ್ಳುವಷ್ಟು. ಕೆಲವೇ ವರ್ಷಗಳಲ್ಲಿ ಹತ್ತು ಮಾರಾದವು, ಇಪ್ಪತ್ತಾದವು. ಹಾಡುವವನು ಹೊರಗೆ ಹೋಗಿ ನೀರು ಕುಡಿದು, ಪರಿಚಯದವರನ್ನು ಮಾತಾಡಿಸಿ ಬಂದರೂ ಗಿಟಾರ್ ಇನ್ನೂ ಮನೆಗೆ ಮರಳಿರುತ್ತಿರಲಿಲ್ಲ. ಆಮೇಲೆ ಹೊಲಿಗೆ ಯಂತ್ರದಂತೆ ಓಡುವವರು ಬಂದರು, ಒಂದು ಗೇಣಿನಲ್ಲಿ ಎಷ್ಟು ಸ್ವರ ತುರುಕಬಹುದು ಎಂಬುದೇ ಅವರ ಪಂದ್ಯ. ಅವರ ಹಿಂದೆಯೇ ಮುಖ ಗಂಟಿಕ್ಕಿಕೊಂಡ ಹುಡುಗರು ಬಂದು ಬೇಕೆಂತಲೇ ತಪ್ಪು ಸ್ವರ ಬಾರಿಸಿ, ಎರಡು ಮಾರಿನಲ್ಲಿ ಎದ್ದು ಹೋದರು. ಕೊನೆಗೆ ಬಂದ ಹಾಡುಗಳಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಅಷ್ಟರಲ್ಲಿ ಟೇಪೂ ಹೋಗಿ ಕಂಪ್ಯೂಟರ್ ಬಂದಿತ್ತು.

"ಈಗ ಯಾಕೆ ಯಾರೂ ಸೋಲೋ ಇಡಲ್ಲ?" ಎಂದು ಒಮ್ಮೆ ಮಗಳನ್ನು ಕೇಳಿದ್ದಳು. ಮಗಳು ಅದೇ ರೇಡಿಯೋದಲ್ಲಿ ಕಾರ್ಯಕ್ರಮ ನಡೆಸುತ್ತಾಳೆ.

"ಹಾಡೋದು ನಿಂತ ತಕ್ಷಣ ಜನ ಬೇರೆ ಹಾಡಿಗೆ ಹೋಗ್ಬಿಡ್ತಾರಮ್ಮ. ಯಾರ ಕೈಯಲ್ಲಿ ನೋಡಿದ್ರೂ ಒಂದು ಬ್ಲೇಡ್ ಇದೆ ಈಗ."

ಕತ್ತರಿಸಿದ ತುಂಡುಗಳನ್ನು ಎಸೆಯಬೇಕೆಂಬುದು ನಿಯಮ. ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ತಗಡಿನ ಡಬ್ಬಿಗಳಲ್ಲಿ ಸುತ್ತಿಟ್ಟು, ನಿವೃತ್ತಿಯ ದಿನ ಹಳೆಯ ಯಂತ್ರವೊಂದರ ಜೊತೆಗೆ ಮನೆಗೆ ತಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಕೂತು ಒಂದರ ಹಿಂದೊಂದು ಹಚ್ಚುತ್ತಿದ್ದಳು. ಕಿಟಕಿಯಾಚೆ ಒಣಹಾಕಿದ ಬಟ್ಟೆಗಳ ನೆರಳು ನೆಲದ ಮೇಲೆ ಮೆಲ್ಲಗೆ ಹರಿದಾಡುತ್ತಿತ್ತು. ಶುರುವೂ ಇಲ್ಲದ, ಕೊನೆಯೂ ಇಲ್ಲದ, ಯಾರೂ ಬಾಯಿ ತೆರೆಯದ ಒಂದೇ ಉದ್ದನೆಯ ಹಾಡು ಅದು. ಅದರ ಮೇಲೆ ತೇಲುತ್ತ ಅವಳು ಅರೆನಿದ್ದೆಗೆ ಜಾರುತ್ತಿದ್ದಳು, ಎಚ್ಚರವಾದಾಗ ಇನ್ಯಾವುದೋ ವರ್ಷದಲ್ಲಿರುತ್ತಿದ್ದಳು.

ಕನ್ನಡಕದವರು ತಮ್ಮ ತಂಡದ ಹೆಸರು, ಹಾಡಿನ ಮೊದಲ ಸಾಲು ಹೇಳಿದೊಡನೆ ಅವಳಿಗೆ ಗುರುತು ಸಿಕ್ಕಿತು. "ನಿಮ್ಮ ತುಂಡು ನನ್ನ ಹತ್ರ ಇದೆ," ಎಂದಳು. "ಇಪ್ಪತ್ನಾಲ್ಕು ಮಾರು."

ಅವರು ಅದನ್ನು ಕೇಳಲು ಅವಳ ಮನೆಗೆ ಬಂದದ್ದು ಗುರುವಾರ ಮಧ್ಯಾಹ್ನ, ಅಂಗಡಿಗೆ ರಜೆ ಇದ್ದ ದಿನ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಬಿಳಿಗೂದಲು. ಹೆಣ್ಣು ನೋಡಲು ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು. ಅವಳು ಟೇಪನ್ನು ಯಂತ್ರಕ್ಕೆ ಏರಿಸುವವರೆಗೆ ಅವರೇ ಮಾತಾಡಿದರು. ನಾಲ್ಕು ಜನರ ತಂಡ, ಇವರು ಗಿಟಾರ್, ಇವರ ಸ್ವಂತ ತಮ್ಮ ಡ್ರಮ್ಸ್. ರೇಡಿಯೋದ ಸ್ಟುಡಿಯೋದಲ್ಲೇ ಒಂದು ಬೆಳಿಗ್ಗೆ ಆ ಹಾಡನ್ನು ಮುದ್ರಿಸಿದ್ದು. ಪ್ರಸಾರದ ದಿನ ಮನೆಯವರೆಲ್ಲ ರೇಡಿಯೋ ಸುತ್ತ ಕೂತು ಕೇಳಿದರೆ, ಸೋಲೋ ಇದ್ದ ಜಾಗದಲ್ಲಿ ಹಾಡುವವನು ಸೀದಾ ಮುಂದಿನ ಸಾಲಿಗೆ ಬಂದುಬಿಟ್ಟಿದ್ದ.

"ನನಗೆ ಕಾರಣ ಗೊತ್ತಿತ್ತು," ಎಂದರು. "ಸೋಲೋ ನಡುವೆ ಒಂದು ಕಡೆ ತಾಳ ತಪ್ಪಿತ್ತು. ನುಡಿಸುವಾಗ್ಲೇ ಕಾಲ ಕೆಳಗೆ ಒಂದು ಮೆಟ್ಟಿಲು ಇಲ್ಲದ ಹಾಗಾಗಿತ್ತು. ತಮ್ಮನಿಗೆ ಎಲ್ಲರೆದುರೇ ಹೇಳಿದೆ, ನಿನ್ನಿಂದಲೇ ಇದು ಹೋಯ್ತು, ನಿನಗೆ ಎಂಟರವರೆಗೆ ಎಣಿಸೋಕೆ ಬರಲ್ಲ ಅಂತ. ಅವನು ಒಂದೂ ಮಾತಾಡ್ಲಿಲ್ಲ. ಅವತ್ತಿಂದ ಮಾತಿಲ್ಲ. ಎರಡು ಬೀದಿ ಆಚೆ ಅವನ ಬೇಕರಿ. ನನ್ನ ಹೆಂಡತಿ ದಿನಾ ಅಲ್ಲಿಂದಲೇ ಬ್ರೆಡ್ ತರ್ತಾಳೆ. ನಾನೂ ತಿಂತೀನಿ. ಮಾತು ಮಾತ್ರ ಇಲ್ಲ."

ಅವಳು ಗುಂಡಿ ಒತ್ತಿದಳು.

ಮೂರು ನಿಮಿಷ ಹತ್ತು ಸೆಕೆಂಡು. ಅವರು ಕಣ್ಣು ಮುಚ್ಚಿ ಕೇಳಿದರು. ಎಡಗೈ ಬೆರಳುಗಳು ಮೊಣಕಾಲಿನ ಮೇಲೆ ತಾವಾಗಿಯೇ ನಡೆದವು. ಮುಗಿದಾಗ ಟೇಪಿನ ತುದಿ ಟಪಟಪ ಬಡಿಯತೊಡಗಿತು.

"ಇಷ್ಟೇನಾ?" ಎಂದರು.

"ಇಷ್ಟೇ."

"ಇಷ್ಟು ವರ್ಷ ಮನಸ್ಸಲ್ಲಿ ಕೇಳಿಸ್ಕೊಂಡಿದ್ದು ಬೇರೇನೇ ಇತ್ತು. ಸಮುದ್ರ ಥರ ಇತ್ತು. ಇದು... ಯಾರೋ ಹುಡುಗ ಎದೆ ಉಬ್ಬಿಸ್ಕೊಂಡು ಒಂದೇ ಮಾತನ್ನ ಮೂರು ಸಲ ಹೇಳ್ತಿದ್ದಾನೆ." ಯಂತ್ರದ ಕಡೆ ಬಾಗಿ ಕೇಳಿದರು, "ತಾಳ ತಪ್ಪಿದ್ದಕ್ಕೇ ತಾನೇ ಕತ್ತರಿಸಿದ್ದು?"

"ಅಲ್ಲ. ಮುಂದೆ ವಾರ್ತೆ ಇತ್ತು. ಅದಕ್ಕೆ."

ಅವರು ನಗಲು ಹೋಗಿ ಕೆಮ್ಮಿದರು.

ಬ್ಲೇಡಕ್ಕನಿಗೆ ಹೇಳಲೋ ಬೇಡವೋ ಎಂದು ಒಂದು ಕ್ಷಣ ತೋಚಲಿಲ್ಲ. ಟೇಪನ್ನು ಹಿಂದಕ್ಕೆ ಸುತ್ತುತ್ತ ಹೇಳಿಯೇಬಿಟ್ಟಳು. "ಇನ್ನೊಂದು ಸಲ ಕೇಳಿ. ಈ ಸಲ ನಿಮ್ಮನ್ನ ಕೇಳಿಸ್ಕೋಬೇಡಿ. ನಿಮ್ಮ ಕೆಳಗೆ ಏನಾಗ್ತಿದೆ ಕೇಳಿ."

ಮತ್ತೆ ಗಿಟಾರ್ ಮೇಲೇರಿತು. ಅರ್ಧ ದಾರಿ ದಾಟಿದ ಮೇಲೆ ಆ ಜಾಗ ಬಂತು. ಎಂಟಕ್ಕೆ ತಿರುಗಬೇಕಾದ ಗಿಟಾರ್ ತಿರುಗಲಿಲ್ಲ, ಮೈಮರೆತು ಎರಡು ಹೆಜ್ಜೆ ಮುಂದಕ್ಕೆ ಹೋಯಿತು. ಕೆಳಗೆ ಡ್ರಮ್ಸ್ ಗಾಬರಿಯಾಗಲಿಲ್ಲ. ನಿಂತು, ಮೆಲ್ಲಗೆ ಎರಡು ಪೆಟ್ಟು ಹೆಚ್ಚಿಗೆ ಹಾಕಿ, ಅಣ್ಣ ಬಂದು ಇಳಿದ ಕ್ಷಣಕ್ಕೆ ಸರಿಯಾಗಿ ಝಲ್ಲನೆ ಬಾರಿಸಿತು. ಎಲ್ಲ ಬೇಕೆಂದೇ ಮಾಡಿದಂತೆ ಕೇಳುತ್ತಿತ್ತು.

"ಎಣಿಕೆ ತಪ್ಪಿದ್ದು ನೀವು," ಎಂದಳು. "ಅವರು ಕಾದಿದ್ದಾರೆ. ನನಗೆ ಕತ್ತರಿಸುವಾಗ್ಲೇ ಗೊತ್ತಾಗಿತ್ತು. ಅದಕ್ಕೇ ಇದನ್ನ ಎಸೀಲಿಲ್ಲ."

ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು. ನೆಲದ ಮೇಲೆ ಬಟ್ಟೆಯ ನೆರಳು ಅವರ ಪಾದದವರೆಗೆ ಬಂದಿತ್ತು. "ಬೇಕರಿಗೆ ನೀವೂ ಬನ್ನಿ," ಎಂದರು. "ಒಬ್ಬನೇ ಹೋದ್ರೆ ಬಾಗಿಲ ತನಕ ಹೋಗಿ ವಾಪಸ್ ಬಂದ್ಬಿಡ್ತೀನಿ. ಹಿಂದೆ ಎರಡು ಸಲ ಹಾಗೇ ಆಗಿದೆ."

ಬೇಕರಿಯ ಹಿಂಭಾಗದಲ್ಲಿ ತಮ್ಮ ಹಿಟ್ಟು ನಾದುತ್ತಿದ್ದರು. ಮೊಣಕೈವರೆಗೆ ಬಿಳಿ, ಹುಬ್ಬೂ ಬಿಳಿ. ಬಾಗಿಲಲ್ಲಿ ನಿಂತ ಅಣ್ಣನನ್ನು ನೋಡಿದರು, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸನ್ನು ನೋಡಿದರು. ಕೈ ನಿಲ್ಲಲಿಲ್ಲ.

"ಎಣಿಕೆ ತಪ್ಪಿದ್ದು ನಾನು ಕಣೋ," ಎಂದರು ಅಣ್ಣ.

"ಗೊತ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ಎಲ್ಲರೆದುರು ಬೈದಾಗಲಾದ್ರೂ ಹೇಳಬಹುದಿತ್ತಲ್ಲ?"

ತಮ್ಮ ಹಿಟ್ಟಿನ ಮುದ್ದೆಯನ್ನು ತಿರುವಿ ಹಾಕಿದರು. "ಹೇಳಿದ್ರೆ ನೀನು ಆಮೇಲೆ ಎಣಿಸ್ಕೊಂಡು ನುಡಿಸ್ತಿದ್ದೆ. ಕಣ್ಣು ಮುಚ್ಕೊಂಡು ನುಡಿಸುವಾಗ್ಲೇ ನೀನು ಚೆನ್ನಾಗಿರ್ತಿದ್ದೆ. ಎಣಿಸೋಕೆ ನಾನಿದ್ನಲ್ಲ."

ಒಲೆಯ ಶಾಖಕ್ಕೆ ಬಾಗಿಲ ಗಾಳಿ ನಡುಗುತ್ತಿತ್ತು, ಅದರ ನಡುವೆ ಇಬ್ಬರೂ ಸ್ವಲ್ಪ ಅಲುಗಾಡಿದಂತೆ ಕಂಡರು ಬ್ಲೇಡಕ್ಕನಿಗೆ.

"ಆಮೇಲೆ ನುಡಿಸಲೇ ಇಲ್ಲವಂತೆ ನೀನು," ಎಂದರು ತಮ್ಮ. "ಅತ್ತಿಗೆ ಹೇಳ್ತಿದ್ರು. ಅದಕ್ಕೆ ಮಾತ್ರ ನನಗೆ ಸಿಟ್ಟಿತ್ತು."

"ಹೋಗ್ಲಿ ಬಿಡು. ಸೋತೆ."

"ಸೋಲೋ ಅಂತ ಹೆಸರಿಟ್ಟ ಮೇಲೆ ಗೆಲ್ಲೋದು ಎಲ್ಲಿಂದ?" ಎಂದರು ತಮ್ಮ. ಅಣ್ಣ ಗೊಳ್ಳನೆ ನಕ್ಕರು, ನಗುತ್ತಲೇ ಅತ್ತರು. ತಮ್ಮ ಹಿಟ್ಟಿನ ಕೈಯಲ್ಲೇ ಅವರ ಭುಜ ಹಿಡಿದರು. ಇಸ್ತ್ರಿಯ ಅಂಗಿಯ ಮೇಲೆ ಐದು ಬೆರಳು ಬಿಳಿಯಾಗಿ ಮೂಡಿತು.

ಆಮೇಲೆ ಬ್ಲೇಡಕ್ಕ ತನ್ನ ಕೆಲಸದಲ್ಲಿ ಎಂದೂ ಮಾಡದ್ದನ್ನು ಮಾಡಿದಳು. ರೇಡಿಯೋದ ಉಗ್ರಾಣದಿಂದ ಆ ಮೂರು ನಿಮಿಷದ ಹಾಡಿನ ಟೇಪನ್ನು ಮಗಳಿಂದ ತರಿಸಿದಳು. ತಾನು ಅಂಟಿಸಿದ್ದ ಜಾಗವನ್ನು ಹುಡುಕಿ, ಹಳೆಯ ಅಂಟುಪಟ್ಟಿ ಬಿಡಿಸಿ, ಇಪ್ಪತ್ನಾಲ್ಕು ಮಾರನ್ನು ಅದರ ಜಾಗಕ್ಕೆ ಕೂರಿಸಿದಳು. ಓರೆಯಾಗಿ ಕತ್ತರಿಸಿದ ತುದಿಗಳು ಒಂದಕ್ಕೊಂದು ಸರಿಯಾಗಿ ಕೂತವು. ಹೊಸ ಕನ್ನಡಕದಲ್ಲಿ ಬೆರಳ ಗೆರೆಗಳೂ ಕಾಣುತ್ತಿದ್ದವು.

"ಆರು ನಿಮಿಷ!" ಎಂದಳು ಮಗಳು. "ಇಷ್ಟು ಹೊತ್ತು ಯಾರು ಕೇಳ್ತಾರಮ್ಮ?"

"ಕೇಳದಿದ್ರೆ ಬೇಡ. ಹಾಕು."

ಭಾನುವಾರ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಮಗಳು ಹಾಕಿದಳು. ಬೇಕರಿ ಮುಚ್ಚಿತ್ತು. ಆರಲು ಇಟ್ಟ ಬ್ರೆಡ್ಡುಗಳ ನಡುವೆ, ಹಿಟ್ಟಿನ ಚೀಲಗಳ ಮೇಲೆ ಮೂವರೂ ಕೂತರು. ಹಾಡುವವನು ಬಾಯಿ ಮುಚ್ಚಿದ. ಗಿಟಾರ್ ಎದ್ದಿತು. ಆ ಜಾಗ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಇಬ್ಬರೂ ನೆಲ ನೋಡುತ್ತಿದ್ದರು. ಎರಡು ಪೆಟ್ಟು ಹೆಚ್ಚಿಗೆ ಬಿತ್ತು, ಝಲ್ಲೆಂದಿತು. "ಇನ್ನೂ ಸ್ವಲ್ಪ ನುಡಿಸಬಹುದಿತ್ತು ನೀನು," ಎಂದರು ತಮ್ಮ.

ಹಾಡು ಮುಗಿದ ಮೇಲೆ ಮಗಳು ಫೋನ್ ಮಾಡಿದಳು. ಇಬ್ಬರು ರೇಡಿಯೋಗೆ ಕರೆ ಮಾಡಿದ್ದರಂತೆ. ಒಬ್ಬರು ಗಿಟಾರ್ ನಿಲ್ಲುತ್ತಲೇ ಇಲ್ಲ, ನಿಮ್ಮ ಯಂತ್ರ ಸಿಕ್ಕಿಹಾಕಿಕೊಂಡಿದೆಯೇ ಎಂದು ಬೈದಿದ್ದರು. ಇನ್ನೊಬ್ಬರು ಡ್ರಮ್ಸ್ ಬಾರಿಸಿದ್ದು ಯಾರು ಎಂದು ಕೇಳಿದ್ದರು.

ಅಣ್ಣ ತಮ್ಮನ ಬೆನ್ನಿಗೊಂದು ಗುದ್ದಿದರು. ತಮ್ಮ ಎದ್ದು, ಬ್ರೆಡ್ಡುಗಳನ್ನು ತಗಡಿನಿಂದ ಒಂದೊಂದಾಗಿ ಬಿಡಿಸತೊಡಗಿದರು. ರೇಡಿಯೋದಲ್ಲಿ ಮುಂದಿನ ಹಾಡು ಶುರುವಾಗಿತ್ತು, ಈಗಿನ ಕಾಲದ್ದು. ಅದರಲ್ಲಿ ಗಿಟಾರ್, ಇದೆಯೋ ಇಲ್ಲವೋ ಎಂಬಂತೆ, ಹಾಡುವ ಹುಡುಗಿಯ ಹಿಂದೆ ಒಂದೇ ಸ್ವರ ಹಿಡಿದು ನಿಂತಿತ್ತು.

"ಇದೂ ಚೆನ್ನಾಗಿದೆಯಲ್ಲ," ಎಂದರು ಕನ್ನಡಕದವರು, ತಲೆ ಓರೆ ಮಾಡಿ.

"ಸುಮ್ನಿರಿ, ಕೇಳೋಣ," ಎಂದಳು ಬ್ಲೇಡಕ್ಕ.