ನನ್ನ ಯಂತ್ರ ಹೇಳಿದ ಹೌದು

ಒಮ್ಮತ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಯಾರ ಒಮ್ಮತ, ಯಾರನ್ನು ಕೇಳಿ ಎಂದು ಎದುರಿಗಿದ್ದವರ ಮೇಲೆ ಬೀಳುತ್ತೇನೆ. ಮೊನ್ನೆ ನಮ್ಮ ಡಾಕ್ಟರು ಊಟದ ಡಬ್ಬಿ ಬಿಚ್ಚುತ್ತ, "ಗೋಡೆಗೆ ಯಾವ ಬಣ್ಣ ಅಂತ ಎಲ್ಲರೂ ಒಮ್ಮತಕ್ಕೆ ಬನ್ನಿ" ಎಂದಾಗ ಚಮಚ ಕುಕ್ಕಿ ಎದ್ದುಹೋದೆ. ಪಾಪ, ಅವರು ಕೇಳಿದ್ದು ಬಣ್ಣವನ್ನಷ್ಟೇ.

ನಾನು ಹಲ್ಲು ಮಾಡುವವಳು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಹಲ್ಲುದುರಿದವರ ದವಡೆಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸಿ, ಮೇಲಿನ ಸೆಟ್ಟೂ ಕೆಳಗಿನ ಸೆಟ್ಟೂ ಸರಿಯಾಗಿ ಕೂಡುತ್ತವೆಯೇ ಎಂದು ಹಿತ್ತಾಳೆಯ ಚೌಕಟ್ಟಿನಲ್ಲಿ ನೋಡುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ಸೇರಿದ ಮೊದಲ ದಿನವೇ ಡಾಕ್ಟರು ಹೇಳಿದ್ದರು: "ಸುಮ್ಮನಿರೋ ರೋಗೀನ ನಂಬಬೇಡಮ್ಮ. ಸೆಟ್ ಹಾಕಿ ಕಚ್ಚೋಕೆ ಹೇಳು, ಮಾತಾಡೋಕೆ ಹೇಳು, ಆಮೇಲೂ ಮೂರು ಸಲ ಕೇಳು. ತಲೆಯಾಡಿಸಿ ಹೋದೋರೇ ವಾರದ ಮೇಲೆ ಬಾಯಿ ತುಂಬ ಹುಣ್ಣು ಮಾಡ್ಕೊಂಡು ಬರೋದು." ಅಂದಿನಿಂದ ನಾನು ಕೇಳದೆ ಯಾರ ಬಾಯಿಗೂ ಹಲ್ಲು ಕೊಟ್ಟಿಲ್ಲ.

ಪ್ಲಾಸ್ಟರ್ ಚೀಲಗಳ ಮೇಲಿನ ಶೆಲ್ಫಿನಲ್ಲಿ ಅಂಗೈಯಗಲದ ಒಂದು ಕಂಪ್ಯೂಟರ್ ಇದೆ. ಅದರ ಹಸಿರು ದೀಪ ಆರಿದ್ದನ್ನು ನಾನು ಕಂಡಿಲ್ಲ. ಅದನ್ನು ಅಲ್ಲಿಟ್ಟವನು ನಮ್ಮಣ್ಣ. ಮನೆಯಲ್ಲಿ ಕರೆಂಟು ಹೋಗುತ್ತದೆ, ಕ್ಲಿನಿಕ್ಕಿನಲ್ಲಿ ಹೋಗುವುದಿಲ್ಲ ಎಂದು ಡಾಕ್ಟರನ್ನು ಒಪ್ಪಿಸಿ ಇಟ್ಟ. ಅವನಿಗೆ ಕ್ರಿಪ್ಟೋ ನಾಣ್ಯದ ಹುಚ್ಚು. ನಾನು ಮೂಗು ಮುರಿದಾಗಲೆಲ್ಲ ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದ. ಇದು ಯಾವ ಬ್ಯಾಂಕಿನದೂ ಅಲ್ಲ, ಸರ್ಕಾರದ್ದೂ ಅಲ್ಲ. ಎಲ್ಲೆಲ್ಲೋ ಇರುವ ಮೂರು ಸಾವಿರ ಯಂತ್ರಗಳು ಒಂದೇ ತಂತ್ರಾಂಶ ಓಡಿಸುತ್ತ, ಯಾವ ನಾಣ್ಯ ಯಾರ ಬೀಗದಲ್ಲಿದೆ ಎಂದು ಒಂದೇ ಥರ ನೆನಪಿಟ್ಟುಕೊಳ್ಳುತ್ತವೆ. ನಿಯಮ ಬದಲಾಗಬೇಕಾದರೆ ಯಂತ್ರಕ್ಕೊಂದು ಮತದಂತೆ ಎರಡು ಸಾವಿರದ ಏಳುನೂರು ಹೌದು ಬೀಳಬೇಕು. "ಇಲ್ಲಿ ಯಾರೂ ಯಾರ ಬಾಯಿನೂ ಮುಚ್ಚೋಕಾಗಲ್ಲ ಕಣೇ" ಎನ್ನುತ್ತಿದ್ದ. ನಂಬಿದ್ದ ಪಾಪ.

ಆಸ್ಪತ್ರೆಯ ಹಾಸಿಗೆಯಲ್ಲಿ, ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ, ಅವನು ತನ್ನಲ್ಲಿದ್ದ ನಾಣ್ಯಗಳನ್ನೆಲ್ಲ ಸೇರಿಸಿ ಒಂದು ಬೀಗ ಹಾಕಿದ. ಮಗಳಿಗೆ ಹದಿನೆಂಟು ತುಂಬುವ ದಿನವೇ ಅದು ತೆರೆಯುವುದು. ಅದಕ್ಕೆ ಮುಂಚೆ ಬೀಗದ ಕೈ ಇದ್ದವರಿಗೂ ತೆರೆಯದು, ಬೇರೆ ಕಡೆಗೆ ಸಾಗಿಸಲೂ ಬಾರದು. ಯಾಕೆ ಹೀಗೆ ಮಾಡಿದೆ ಎಂದು ಅತ್ತಿಗೆ ಅತ್ತರೆ, "ಇಲ್ದೇ ಇದ್ರೆ ನೀನು ಅದನ್ನೂ ತಂದು ನನ್ನ ಔಷಧಿಗೆ ಸುರೀತೀಯ" ಎಂದ. ಅವನು ಹೋಗಿ ಮೂರು ವರ್ಷವಾಯಿತು. ಮಗಳನ್ನು ನಾವೆಲ್ಲ ಗುಬ್ಬಿ ಎನ್ನುತ್ತೇವೆ. ವಿಮಾನದ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಯಬೇಕೆಂಬ ಹಟ ಅವಳದು. ಆ ಕೋರ್ಸಿನ ಶುಲ್ಕ ಆ ಬೀಗದೊಳಗಿತ್ತು.

ಅಣ್ಣನ ನಂತರ ಯಂತ್ರವನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅದರ ಟಿಪ್ಪಣಿಯನ್ನು ನಮ್ಮ ಭಾಷೆಗೆ ತರುವ ಕೆಲಸ ಅವನದಾಗಿತ್ತು. ಅದನ್ನೂ ವಹಿಸಿಕೊಂಡೆ. ಪ್ಲಾಸ್ಟರ್ ಗಟ್ಟಿಯಾಗಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಕೂತು ಬರೆದು ಹಾಕುತ್ತಿದ್ದೆ.

ಗುಬ್ಬಿಗೆ ಹದಿನೇಳು ತುಂಬಿದ ಮರುತಿಂಗಳು, ಈ ಯಂತ್ರಗಳನ್ನು ಓಡಿಸುವವರೆಲ್ಲ ಸೇರುವ ಚರ್ಚೆಯ ಪುಟದಲ್ಲಿ ಒಂದು ಪ್ರಸ್ತಾವ ಬಂತು. ಹಳೆಯ ಮಾದರಿಯ ಬೀಗಗಳು ದುರ್ಬಲ, ಇಂಥ ದಿನಾಂಕದ ನಂತರ ಯಂತ್ರಗಳ ಜಾಲ ಅವನ್ನು ಗುರುತಿಸುವುದಿಲ್ಲ, ಎಲ್ಲರೂ ಅಷ್ಟರೊಳಗೆ ಹೊಸ ಬೀಗಕ್ಕೆ ಸಾಗಿಸಿಕೊಳ್ಳಿ ಎಂದು. ಮಂಡಿಸಿದವನು ತಂತ್ರಾಂಶಕ್ಕೆ ಏನು ಸೇರಬೇಕು, ಏನು ಸೇರಬಾರದು ಎಂದು ಕೊನೆಯ ಮಾತು ಹೇಳುವವನು. ಪುಟದಲ್ಲಿ ಅವನ ಅಡ್ಡಹೆಸರು ಮೇಸ್ತ್ರಿ. ನಾನು ಕ್ಯಾಲೆಂಡರ್ ತೆಗೆದು ಎಣಿಸಿದೆ. ಮೇಸ್ತ್ರಿಯ ಗಡುವು ಮುಗಿದು ನಲವತ್ತೊಂದನೆಯ ದಿನಕ್ಕೆ ಗುಬ್ಬಿಯ ಹುಟ್ಟುಹಬ್ಬ. ಅಂದರೆ ಅಣ್ಣನ ಬೀಗವನ್ನು ಗಡುವಿಗೆ ಮುಂಚೆ ಸಾಗಿಸಲು ಬರುವುದಿಲ್ಲ, ಗಡುವಿನ ನಂತರ ತೆರೆಯಲು ಬರುವುದಿಲ್ಲ.

ಬರೆದೆ. ಮರ್ಯಾದೆಯಿಂದಲೇ ಬರೆದೆ. ಇಂಥ ದಿನಕ್ಕೇ ತೆರೆಯುವ ಹಳೆಯ ಬೀಗಗಳಿವೆ, ಅವುಗಳನ್ನು ಮಾತ್ರ ಬಿಟ್ಟುಬಿಡಿ, ನಿಮ್ಮ ಗಂಟೇನೂ ಹೋಗುವುದಿಲ್ಲ ಎಂದೆ.

ಮೇಸ್ತ್ರಿ ಉತ್ತರಿಸಿದ: "ಇಂಥ ಬೀಗ ಹಾಕ್ಕೊಂಡೋರು ಎಷ್ಟು ಜನ ಇದ್ದೀರಿ?"

ಎಷ್ಟು ಜನ ಎಂದು ನನಗೇನು ಗೊತ್ತು? ನನಗೆ ಗೊತ್ತಿದ್ದದ್ದು ಒಬ್ಬಳು. ಬಾಯಿ ತೆರೆದು ಅಣ್ಣನ ಕಥೆ ಹೇಳಿದೆ. ಆಗ ಮುಖವಿಲ್ಲದವರೆಲ್ಲ ಎದ್ದು ಬಂದರು. ಒಬ್ಬ "ಇದು ಕಣ್ಣೀರಿನ ಧಾರಾವಾಹಿ ಅಲ್ಲ" ಎಂದ. ಇನ್ನೊಬ್ಬ ಬೀಗದ ಸಂಖ್ಯೆ ಕೇಳಿದ. ಕೊಟ್ಟರೆ, ಅದು ಯಾರದೋ ಬೀಗ ಇರಬಹುದು, ಸತ್ತವರ ಹೆಸರಲ್ಲಿ ಕಥೆ ಕಟ್ಟುವವರನ್ನು ಬೇಕಾದಷ್ಟು ನೋಡಿದ್ದೇನೆ ಎಂದ. ಆ ದಿನ ಸಿಟ್ಟಿನಲ್ಲಿ ಕೂರಿಸಿದ ಮೇಣದ ಸೆಟ್ಟಿನ ಎರಡು ಮುಂಬಲ್ಲು ಸೊಟ್ಟಗಾದವು.

"ಭಾವನೆ ಬೇಡ ಅಕ್ಕ, ಪರೀಕ್ಷೆ ಬರೆದು ತೋರ್ಸಿ" ಎಂದ ಮೇಸ್ತ್ರಿ. ಅಕ್ಕ ಅಂತೆ! ನಾನು ಮತ್ತು ಗುಬ್ಬಿ ಕೂತು ಅದನ್ನೂ ಕಲಿತೆವು. ಕಾಲೇಜು ಮುಗಿಸಿ ಅವಳು ನೇರ ಕ್ಲಿನಿಕ್ಕಿಗೆ ಬರುವಳು. ಹಲ್ಲುಗಳ ಟ್ರೇ ಪಕ್ಕಕ್ಕೆ ಸರಿಸಿ, ಹದಿನೈದು ದಿನ ತಲೆ ಕೆಡಿಸಿಕೊಂಡು, ಹೊಸ ನಿಯಮದಲ್ಲಿ ಅಂಥ ಬೀಗ ಹೇಗೆ ಸಾಯುತ್ತದೆ ಎಂಬುದನ್ನು ಯಾರು ಬೇಕಾದರೂ ಓಡಿಸಿ ನೋಡುವಂತೆ ಬರೆದೆವು. ಮೇಸ್ತ್ರಿ ಅದನ್ನು ಓಡಿಸಿ ನೋಡಿದ. "ಸರಿಯಾಗಿದೆ. ಆದರೆ ತಡವಾಯ್ತು" ಎಂದು ಬರೆದು, ಆ ಚರ್ಚೆಗೇ ಬೀಗ ಜಡಿದ. ಕಾರಣದ ಜಾಗದಲ್ಲಿ ಒಂದೇ ಪದ, ವಿಷಯಾಂತರ.

ಆದರೂ ನಾನು ಧೈರ್ಯವಾಗಿದ್ದೆ. ಮತ ಎಣಿಸುವ ಫಲಕದಲ್ಲಿ ಎರಡು ತಿಂಗಳು ಕಳೆದರೂ ಹೌದು ಎಂದ ಯಂತ್ರಗಳು ಸಾವಿರದ ನೂರನ್ನು ದಾಟಿರಲಿಲ್ಲ. ಜನ ಸುಮ್ಮನಿದ್ದರೂ ಕುರುಡರಲ್ಲ ಎಂದುಕೊಂಡೆ.

ಮತದ ಕೊನೆಯ ಎಣಿಕೆಗೆ ಹತ್ತು ದಿನವಿದ್ದಾಗ ತುರ್ತು ಸೂಚನೆ ಬಂತು. ತಂತ್ರಾಂಶದಲ್ಲಿ ಒಂದು ತೂತು ಸಿಕ್ಕಿದೆ, ಯಾರು ಬೇಕಾದರೂ ಹೊರಗಿನಿಂದ ನಿಮ್ಮ ಯಂತ್ರವನ್ನು ಕೆಡವಬಹುದು, ತಕ್ಷಣ ಹೊಸ ಆವೃತ್ತಿ ಹಾಕಿಕೊಳ್ಳಿ. ತೂತು ನಿಜವೇ ಆಗಿತ್ತು. ಅಂದು ಮಧ್ಯಾಹ್ನ ಎರಡು ಅಚ್ಚಿಗೆ ಪ್ಲಾಸ್ಟರ್ ಸುರಿದು, ಟಿಪ್ಪಣಿಯನ್ನು ಗಡಿಬಿಡಿಯಲ್ಲಿ ನಮ್ಮ ಭಾಷೆಗೆ ತಂದು, ನಮ್ಮವರೆಲ್ಲ ಬೇಗ ಹಾಕಿಕೊಳ್ಳಿ ಎಂದು ಮೇಲೊಂದು ಸಾಲು ಸೇರಿಸಿ, ನಮ್ಮ ಯಂತ್ರಕ್ಕೂ ಹಾಕಿದೆ. ಪ್ಲಾಸ್ಟರ್ ಗಟ್ಟಿಯಾಗುವ ಮೊದಲೇ ಎಲ್ಲ ಮುಗಿದಿತ್ತು.

ಮರುದಿನ ಫಲಕದಲ್ಲಿ ಸಾವಿರದ ಒಂಬೈನೂರು. ಮೂರನೆಯ ದಿನ ಎರಡು ಸಾವಿರದ ನಾನೂರು. ವಾರ ಕಳೆಯುವುದರೊಳಗೆ ಎರಡು ಸಾವಿರದ ಎಂಟುನೂರ ಅರವತ್ತು! ನಾನು ಕೋಣೆಯಲ್ಲಿ ಕೂತು ಕಂಡಕಂಡವರನ್ನೆಲ್ಲ ಬೈದೆ. ಯಾರಿವರು, ಇಷ್ಟು ದಿನ ಎಲ್ಲಿದ್ದರು, ಒಂದು ಹುಡುಗಿಯ ಬಾಯಿಗೆ ಮಣ್ಣು ಹಾಕಲು ಒಬ್ಬರ ಮೇಲೊಬ್ಬರು ಬಿದ್ದು ಬರುತ್ತಿದ್ದಾರಲ್ಲ ಎಂದು. ಹಲ್ಲು ತೋರಿಸಲು ಬಂದವರು ಮುಂದಿನ ಕೋಣೆಯಲ್ಲಿ ಬೆಚ್ಚಿಬಿದ್ದಿರಬೇಕು.

ಗುಬ್ಬಿ ಫಲಕವನ್ನು ಬಿಚ್ಚಿ, ಹೌದು ಎಂದ ಯಂತ್ರಗಳ ಪಟ್ಟಿಯನ್ನು ಒಂದೊಂದಾಗಿ ನೋಡುತ್ತಿದ್ದಳು. ಅದು ಶುಕ್ರವಾರ. ಎಣಿಕೆ ಭಾನುವಾರ ಸಂಜೆಗೆ.

"ಅತ್ತೆ" ಎಂದಳು. "ಬೈಬೇಡಿ. ಇಲ್ಲಿ ನೋಡಿ. ನಮ್ ಮಷೀನೂ ಹೌದು ಅಂತಿದೆ."

ನಂಬಲಿಲ್ಲ. ಅವಳನ್ನು ಪಕ್ಕಕ್ಕೆ ತಳ್ಳಿ ನೋಡಿದೆ. ನಮ್ಮದೇ. ಮೂರು ತಿಂಗಳು ಗಂಟಲು ಹರಿಯುವಂತೆ ಬೇಡ ಬೇಡ ಎಂದು ಕೂಗಿದವಳ ಯಂತ್ರ, ಪ್ಲಾಸ್ಟರ್ ಚೀಲಗಳ ಮೇಲೆ ಕೂತು ಹಸಿರು ದೀಪ ಹಚ್ಚಿಕೊಂಡು, ಜಗತ್ತಿಗೆಲ್ಲ ಹೌದು ಎನ್ನುತ್ತಿತ್ತು.

ಹೊಸ ಆವೃತ್ತಿಯಲ್ಲಿ ಮತದ ಸಾಲನ್ನು ಮೊದಲೇ ಒಂದು, ಅಂದರೆ ಹೌದು, ಎಂದು ತುಂಬಿ ಕಳಿಸಿದ್ದರು. ಬೇಡ ಎನ್ನುವವರು ಸೆಟ್ಟಿಂಗಿನ ಕಡತ ತೆರೆದು ಒಂದನ್ನು ಸೊನ್ನೆ ಮಾಡಬೇಕು. ತೂತು ಮುಚ್ಚಿಕೊಳ್ಳಲು ಓಡಿಬಂದವರನ್ನೆಲ್ಲ ಒಪ್ಪಿದವರ ಲೆಕ್ಕಕ್ಕೆ ಸೇರಿಸಿದ್ದರು. ಮುಚ್ಚಿಟ್ಟಿದ್ದರೇ ಎಂದರೆ ಅದೂ ಇಲ್ಲ. ಟಿಪ್ಪಣಿಯ ಕೊನೆಯಿಂದ ಎರಡನೆಯ ಸಾಲು: ಮತಸೂಚಕ, ಬದಲಿಸದಿದ್ದರೆ ಒಂದು. ಆ ಸಾಲನ್ನು ನಮ್ಮ ಭಾಷೆಗೆ ತಂದವಳು ನಾನೇ. ಅಕ್ಷರ ಅಕ್ಷರವಾಗಿ ತಂದಿದ್ದೆ, ಏನೆಂದು ಕೇಳಿಕೊಳ್ಳದೆ. ನಮ್ಮ ಭಾಷೆಯವರ ಯಂತ್ರಗಳು ಇನ್ನೂರಕ್ಕೂ ಹೆಚ್ಚು. ಬೇಗ ಹಾಕಿಕೊಳ್ಳಿ ಎಂದು ಅವರನ್ನು ಅಟ್ಟಿದವಳೂ ನಾನೇ. ಸಾಯುವಷ್ಟು ನಾಚಿಕೆಯಾಯಿತು.

ಒಂದನ್ನು ಸೊನ್ನೆ ಮಾಡಿ, ಯಂತ್ರವನ್ನು ನಿಲ್ಲಿಸಿ ಮತ್ತೆ ಶುರುಮಾಡಿ, ಹೊಸ ಚರ್ಚೆ ತೆರೆದೆ. ನನ್ನ ತಪ್ಪನ್ನು ಮೊದಲು ಬರೆದೆ. ಆಮೇಲೆ ಬರೆದೆ: "ನನ್ನ ಮಷೀನ್ ಹೇಳಿದ ಹೌದು ನಂದಲ್ಲ. ನೀವೂ ಹೋಗಿ ನಿಮ್ಮದು ನೋಡ್ಕೊಳಿ. ನೋಡಿ ಬಂದು ಗೊತ್ತಿತ್ತು, ಗೊತ್ತಿರಲಿಲ್ಲ, ಇವೆರಡರಲ್ಲಿ ಒಂದು ಬರೀರಿ. ಬರೆದು ಸುಮ್ಮನೆ ಕೂರಬೇಡಿ, ಬೇಡ ಅನ್ನೋರು ಸೊನ್ನೆ ಮಾಡಿ."

ಮೇಸ್ತ್ರಿ ಓಡಿಬಂದ. "ತಂತ್ರಾಂಶ ಹಾಕ್ಕೊಂಡ ಮೇಲೆ ಒಪ್ಪಿದ ಹಾಗೇನೇ. ಟಿಪ್ಪಣಿ ಓದದೇ ಇದ್ದದ್ದು ನಮ್ಮ ತಪ್ಪಾ?"

"ಓದಿದ್ದೀನಿ. ಬರೆದಿದ್ದೀನಿ ಕೂಡ" ಎಂದೆ. "ಬಾಯಿಗೆ ಬಟ್ಟೆ ತುರುಕಿ, ಬೇಡ ಅನ್ನಲಿಲ್ಲವಲ್ಲ ಅಂತೀರಾ? ನಾಚಿಕೆಯಾಗಲ್ವಾ ನಿಮಗೆ?"

ಶನಿವಾರ ಉತ್ತರಗಳು ಬಂದವೋ ಬಂದವು. ಗೊತ್ತಿರಲಿಲ್ಲ. ಗೊತ್ತಿರಲಿಲ್ಲ. ಅಯ್ಯೋ, ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹಾಗೆಂದವರು ಮುನ್ನೂರ ಹನ್ನೊಂದು. ಗುಬ್ಬಿ ಕುಣಿದಾಡಿದಳು. ಫಲಕ ಇಳಿಯುತ್ತಿತ್ತು: ಎರಡು ಸಾವಿರದ ಎಂಟುನೂರ ಮೂವತ್ತು, ಏಳುನೂರ ತೊಂಬತ್ತು, ಏಳುನೂರ ನಲವತ್ತು. ಆಮೇಲೆ ನಿಧಾನವಾಯಿತು. ಗೊತ್ತಿರಲಿಲ್ಲ ಎಂದವರಿಗೆಲ್ಲ ಒಬ್ಬೊಬ್ಬರಿಗೇ ಬರೆದೆ, ದಮ್ಮಯ್ಯ, ಬದಲಿಸಿ ಎಂದು. ಮಷೀನು ಆಫೀಸಲ್ಲಿದೆ ಎಂದರು. ಮಗುವಿನ ಜೊತೆ ಹೊರಗೆ ಬಂದಿದ್ದೇನೆ ಎಂದರು. ಎಷ್ಟೋ ಮಂದಿ ಸೋಮವಾರ ನೋಡ್ತೀನಿ ಎಂದರು. ಸೋಮವಾರ! ಮನೆಗೆ ಬೆಂಕಿ ಬಿದ್ದಿದೆ ಎಂದರೂ ಸೋಮವಾರ ನೀರು ತರುತ್ತೇನೆ ಎನ್ನುವ ಜನ.

ಸಂಜೆಯ ಎಣಿಕೆ: ಎರಡು ಸಾವಿರದ ಏಳುನೂರ ಹನ್ನೆರಡು. ಹದಿಮೂರೇ ಯಂತ್ರ ಸಾಕಾಗಿತ್ತು. ಒಮ್ಮತ ಮೂಡಿದೆ, ಎಲ್ಲರಿಗೂ ಅಭಿನಂದನೆ ಎಂದು ಮೇಸ್ತ್ರಿ ಬರೆದ. ಮೇಸ್ತ್ರಿಯ ಮೇಲಿದ್ದಷ್ಟೇ ಸಿಟ್ಟು ನನಗೆ ಸೋಮವಾರದವರ ಮೇಲೂ ಇದೆ, ಇಂದಿಗೂ. ನನ್ನ ಮೇಲಿರುವುದನ್ನು ನಾನು ಯಾರಿಗೂ ಹೇಳಿಲ್ಲ.

ಆರು ತಿಂಗಳ ನಂತರ ಗಡುವು ಬಂತು. ಹದಿನೇಳು ಜನ ಮಾತ್ರ ಹಳೆಯ ನಿಯಮವನ್ನೇ ಉಳಿಸಿಕೊಂಡೆವು. ಜಾಲ ಎರಡಾಯಿತು. ನಮ್ಮ ಕಡೆಯ ನಾಣ್ಯ ಕೊಟ್ಟರೆ ಯಾವ ಅಂಗಡಿಯವನೂ ಅರ್ಧ ಲೋಟ ಟೀ ಕೊಡುವುದಿಲ್ಲ.

ನಲವತ್ತೊಂದನೆಯ ದಿನ ಮಧ್ಯಾಹ್ನ ಅತ್ತಿಗೆ ನಾಲ್ಕು ಮಡಿಕೆಯ ಕಾಗದ ತಂದರು. ಅದರಲ್ಲಿ ಅಣ್ಣನ ಕೈಬರಹದ ಹನ್ನೆರಡು ಪದಗಳಿದ್ದವು, ಅದೇ ಬೀಗದ ಕೈ. ಗುಬ್ಬಿ ಮೊದಲು ದೊಡ್ಡ ಜಾಲಕ್ಕೆ ಕಳಿಸಿದಳು. ಈ ಮಾದರಿಯ ಬೀಗ ಗುರುತಿನಲ್ಲಿಲ್ಲ, ತಿರಸ್ಕರಿಸಲಾಗಿದೆ ಎಂದು ಬಂತು. ಆಮೇಲೆ ನಮ್ಮ ಹದಿನೇಳರ ಜಾಲಕ್ಕೆ ಕಳಿಸಿದಳು. ಶೆಲ್ಫಿನ ಮೇಲಿನ ಯಂತ್ರ ಎರಡು ಕ್ಷಣ ಸುಮ್ಮನಿದ್ದು, ಹೌದು ಎಂದಿತು. ಬೀಗ ತೆರೆಯಿತು. ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಅಪ್ಪ ಹೇಳಿದ ದಿನಕ್ಕೇ ತೆಗೀತು. ಅಷ್ಟು ಸಾಕು ಬಿಡಿ ಅತ್ತೆ" ಎಂದಳು ಗುಬ್ಬಿ.

"ಸಾಕು ಅನ್ಬೇಡ" ಎಂದು ಗದರಿದೆ. "ಸಾಲಲ್ಲ. ಸಾಲದ್ದನ್ನ ಸಾಕು ಅಂತ ಯಾರಿಗೂ ಹೇಳ್ಬೇಡ."

ಅವಳು ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ನಂತರ ಚರ್ಚೆಯ ಪುಟ ತೆರೆದಳು. ಮೇಲೆಯೇ ಮೇಸ್ತ್ರಿಯ ಹೊಸ ಬರಹವಿತ್ತು: ಬದಲಾವಣೆ ಜಾರಿಯಾಗಿ ಆರು ವಾರ ಆಯ್ತು, ಒಂದೇ ಒಂದು ದೂರು ಬಂದಿಲ್ಲ. ಗುಬ್ಬಿ ಅದರ ಕೆಳಗೆ, ತಿರಸ್ಕರಿಸಲಾಗಿದೆ ಎಂಬ ಆ ಸಂದೇಶವನ್ನು ದಿನಾಂಕದ ಸಮೇತ ಅಂಟಿಸಿದಳು. ಹಳೆಯ ಚರ್ಚೆಯನ್ನು ಹುಡುಕಿ ಅವನದೇ ಪ್ರಶ್ನೆಯನ್ನು ತಂದಿಟ್ಟಳು: ಇಂಥ ಬೀಗ ಹಾಕ್ಕೊಂಡೋರು ಎಷ್ಟು ಜನ ಇದ್ದೀರಿ?

"ಒಬ್ಬಳು" ಎಂದು ಬರೆದಳು. "ಇವತ್ತಿಗೆ ನಂಗೆ ಹದಿನೆಂಟು."

ಆ ಪುಟದಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರೆಯುವುದಿಲ್ಲ. ಮೇಸ್ತ್ರಿ ಯಾರು, ಎಲ್ಲಿಯವನು ಎಂದು ಇಂದಿಗೂ ನಮಗೆ ಗೊತ್ತಿಲ್ಲ. ಗುಬ್ಬಿ ಮಾತ್ರ ಕೆಳಗೆ ತನ್ನ ಪೂರ್ತಿ ಹೆಸರು ಬರೆದು, ಅದರ ಮುಂದೆ ಅಪ್ಪನ ಹೆಸರನ್ನೂ ಸೇರಿಸಿ, ಕಳಿಸಿದಳು.