ಚನಬಸವ್ವ ತೆಗೆಯದ ಮುಚ್ಚಳ

ನನ್ನ ಕಣ್ಣಾಣೆ, ಇದರಲ್ಲಿ ಸಾಸಿವೆಕಾಳಿನಷ್ಟೂ ಸುಳ್ಳಿಲ್ಲ. ಸುಳ್ಳಾದರೆ ನಾಳೆಯಿಂದ ನನ್ನ ಮನೆಯ ರೊಟ್ಟಿ ಉಬ್ಬದಿರಲಿ.

ಮಹಾರಾಷ್ಟ್ರದ ಸಂಭಾಜಿನಗರದ ಒಂದು ವಸತಿ ಸೊಸೈಟಿಯಲ್ಲಿ ಮಾಂಸ ಬೇಯಿಸಬಾರದೆಂಬ ಕಟ್ಟಳೆ. ಅದನ್ನು ಕಾಯುವವನು ಸೆಕ್ರೆಟರಿ ಸಂಗಮನಾಥ, ಬೀದರ ಕಡೆಯ ಹತ್ತಿ ವ್ಯಾಪಾರಿ. ಅವನ ಮೂಗು ಎಂಥದ್ದು! ಸಿಲ್ಲೋಡ್‌ನಲ್ಲಿ ಯಾರಾದರೂ ಮೊಟ್ಟೆ ಒಡೆದರೆ ಇಲ್ಲಿ ಇವನಿಗೆ ಸೀನು. ಪೈಠಣದ ಹೊಳೆಯಲ್ಲಿ ಮೀನು ಮಗ್ಗುಲು ಬದಲಿಸಿದರೆ ಇವನಿಗೆ ಎಚ್ಚರ. ಹೋದ ವರ್ಷ ಅದೇ ಮೂಗು ಆ ಸೊಸೈಟಿಯಲ್ಲೇ ಇದ್ದ ಮಾಳವ್ವನ ಮನೆಯ ಒಣಮೀನು ಹಿಡಿದು, ಅವಳನ್ನು ನಾಸಿಕಕ್ಕೆ ಓಡಿಸಿತ್ತು. ಆ ದೂರಿನ ಕಾಗದಕ್ಕೆ ಮೂರನೇ ಮಹಡಿಯ ಬಾಡಿಗೆಯವಳು, ಒಬ್ಬಂಟಿ ಚನಬಸವ್ವನೂ ಹೆಬ್ಬೆಟ್ಟು ಒತ್ತಿದ್ದಳು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವಳು, ತನಗೇನು ಎಂದುಕೊಂಡಿದ್ದಳು.

ಈ ಸೋಮವಾರ ಅವಳು ಒಣಕೊಬ್ಬರಿ, ಉಳ್ಳಾಗಡ್ಡಿಯನ್ನು ಉರಿಯ ಮೇಲೆ ಕರ್ರಗೆ ಸುಟ್ಟು, ಅರೆದು, ಬದನೆಕಾಯಿಗೆ ತುಂಬಿ ಎಣ್ಣೆಗಾಯಿ ಮಾಡಿದಳು. ಆ ಘಮಕ್ಕೆ ಗೋಡೆಯ ಹಲ್ಲಿ ಜೊಲ್ಲು ಸುರಿಸಿತು, ಲಿಫ್ಟು ತಾನಾಗಿಯೇ ಮೂರನೇ ಮಹಡಿಗೆ ಬಂದು ನಿಂತಿತು. ಒಳಗಿನಿಂದ ಇಳಿದವನು ಸಂಗಮನಾಥ.

“ಮಟನ್ ಮಸಾಲಿ! ಚನಬಸವ್ವ, ಪಾತೇಲಿ ಮುಚ್ಚಳಾ ತೆಗೀರಿ. ಇಲ್ಲಾಂದ್ರ ಸಂಜೀಕ ಖೋಲಿ ಖಾಲಿ ಮಾಡ್ರಿ.”

“ಬದನಿಕಾಯಿ ಅದ್ರಿ ಸಾವಕಾರ್ರ.”

“ಹಂಗಾರ ತೋರಿಸ್ಲಾಕ ಏನು ಧಾಡಿ?”

ಮುಚ್ಚಳ ಎತ್ತಿದ್ದರೆ ಮನೆ ಉಳಿಯುತ್ತಿತ್ತು. ಕೈ ಮುಚ್ಚಳದವರೆಗೂ ಹೋಯಿತು. ಮಾಳವ್ವನೂ ಹೀಗೇ ತನ್ನ ಪಾತ್ರೆಗೆ ಅಡ್ಡ ನಿಂತಿದ್ದಳು. ಆಗ ಚನಬಸವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡಿದ್ದಳು. ಮುಚ್ಚಳಕ್ಕೆ ಹೋದ ಕೈಯನ್ನು ಹಿಂದಕ್ಕೆ ತೆಗೆದಳು.

“ಅಲ್ರೀ, ಕೊರಳಾಗಿನ ಲಿಂಗಕ್ಕ ಎಡಿ ಹಿಡಿಯೂ ಮೊದಲ ನಿಮ್ಮ ಮೂಗಿಗೆ ಹಿಡೀಲೇನು? ಜೀವಾ ಕೊಲ್ಲಬಾರದಂತ ನಾ ತಿನ್ನಲ್ಲ. ಅದು ನನ್ನ ಬಾಯಿಗೆ ನಾನ ಹಾಕ್ಕೊಂಡ ಕೀಲಿ. ಅದನ್ನ ಮಂದಿ ಬಾಗಿಲಕ್ಕ ಯಾಕ ಜಡೀತೀರಿ? ಕುರಿಗೆ ದಯಾ, ಮಾಳವ್ವಗ ಬೀದಿ! ಇವತ್ತ ಪಾತೇಲಿ, ನಾಳಿ ಹೊಟ್ಟಿ ಸೀಳಿ ನೋಡ್ತೀರಿ. ಮತ್ತ ಇದು ಮಟನ್ ಮಸಾಲಿನೇ ಅಂತ ನಿಮಗ ಅಷ್ಟು ಪಕ್ಕಾ ಹ್ಯಾಂಗ ಗೊತ್ತು?”

ಬಾಗಿಲಿಗೆ ಬಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸಂಗಮನಾಥನ ಮೂಗು ಬಾಡಿದ ಬದನೆಕಾಯಿಯಂತೆ ಜೋತುಬಿತ್ತು. ಹಟ ಮಾತ್ರ ಬಾಡಲಿಲ್ಲ. “ಸಂಜೀಕ ಖಾಲಿ!”

“ಸಂಜೀತನಕ ಯಾಕ್ರಿ? ಈಗ ಹೊಂಟೆ.”

ಪಾತೇಲಿಗೆ ಸೀರೆಯ ತುಂಡು ಬಿಗಿದು ಬಸ್ಸು ಹತ್ತಿದಳು. ಅರ್ಧ ದಾರಿ ಆ ಬಸ್ಸು ಡೀಸೆಲ್ ಇಲ್ಲದೆ ಬರೀ ಘಮದ ಮೇಲೆ ಓಡಿತು. ನಾಸಿಕದಲ್ಲಿ ಮಾಳವ್ವನ ಹೊಸ್ತಿಲಲ್ಲಿ ಚನಬಸವ್ವ ಪಾತೇಲಿ ಕೆಳಗಿಟ್ಟಳು.

“ಅವತ್ತ ಹೆಬ್ಬೆಟ್ಟು ಒತ್ತಿದ್ದು ತಪ್ಪಾತವ್ವ. ಇರ್ಲಾಕ ಜಾಗಾ ಅದೇನು?”

ಮಾಳವ್ವ ಸೊಂಟಕ್ಕೆ ಕೈಯಿಟ್ಟಳು. “ನಮ್ಮನ್ಯಾಗ ಮೀನ ಬೇಯ್ತದ, ನೋಡು.”

“ಬೇಯಲಿ. ನನ್ನ ಒಲಿ ಆ ಮೂಲ್ಯಾಗ ಇಡು.”

ಮುಚ್ಚಳ ತೆಗೆದದ್ದು ಅಲ್ಲಿ. ಮೊದಲ ತುತ್ತು ಲಿಂಗಕ್ಕೆ, ಎರಡನೆಯದು ಮಾಳವ್ವನಿಗೆ.

ಪಾತೇಲಿಯಲ್ಲಿ ಖರೆ ಬದನೆಕಾಯೇ ಇತ್ತೇ ಎನ್ನುತ್ತೀರಾ? ಹಾಗಾದರೆ ಮೊದಲು ನಿಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆಯಿರಿ. ಎರಡು ತುತ್ತು ನನ್ನ ತಾಟಿಗೆ ಹಾಕಿ. ರುಚಿ ನೋಡದೆ ಸಾಕ್ಷಿ ಹೇಳುವ ಚಾಳಿ ನನಗಿಲ್ಲ.